ಗಂಟೆಯಿಲ್ಲದ ಮಣ್ಣು

ಚಪ್ಪಲಿಯ ಒಳಗೆ ಒಂದು ಚುಕ್ಕೆ ಕೆಂಪೂ ಇರಲಿಲ್ಲ.

ಚೌರಪ್ಪ ಎರಡೂ ಚಪ್ಪಲಿಗಳನ್ನು ಬಾಗಿಲ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದ. ಹಿಮ್ಮಡಿ ಕೂರುವ ಜಾಗ ಸವೆದು ಕಪ್ಪಾಗಿತ್ತು. ಹೆಬ್ಬೆರಳು ಊರಿದಲ್ಲಿ ಸಣ್ಣ ಹಳ್ಳ ಬಿದ್ದಿತ್ತು. ಅಷ್ಟು ಬಿಟ್ಟರೆ ಬೇರೆ ಗುರುತಿಲ್ಲ.

"ಇನ್ನೊಂದ್ಸಲ ಹೇಳವ್ವ ಕೆಂಚಕ್ಕ," ಅಂದ. "ಮೈ ತೊಳಿಯೋ ಮುಂದ ಇನ್ನಾಸಪ್ಪನ ಅಂಗಾಲು ಹೆಂಗಿದ್ವು?"

"ಕೆಂಪಗಿದ್ವು ದಫೇದಾರಣ್ಣ. ಎರಡೂ." ಕೆಂಚಕ್ಕ ಗೋಡೆಗೆ ಒರಗಿ ಕೂತಿದ್ದಳು. "ಮೊದಲು ರಕ್ತ ಅನ್ಕಂಡೆ. ಸೋಪು ಹಚ್ಚಿ ತಿಕ್ಕಿದೆ, ಹೋಗಲಿಲ್ಲ. ಸೀಮಿಎಣ್ಣಿ ಹಚ್ಚಿದಾಗ ಬಟ್ಟಿಗೆ ಹತ್ತಿತು. ಪೇಂಟು ಅದು. ಚರ್ಚಿನಾಗ ಪೀಠದ ಮೆಟ್ಟಿಲಿಗೆ ಹಚ್ಚಿದ್ರಲ್ಲ, ಅದಾ ಬಣ್ಣ."

"ಇದನ್ನ ಯಾರಿಗೂ ಹೇಳಲಿಲ್ಲೇನು?"

"ಯಾರು ಕೇಳಿದ್ರು?"

ಚೌರಪ್ಪ ಚಪ್ಪಲಿಗಳನ್ನು ಕೆಳಗಿಟ್ಟ.

ಹಳ್ಳಿ ಹಳ್ಳಿ ತಿರುಗಿ ಮಕ್ಕಳಿಗೆ ಜಪ ಕಲಿಸುತ್ತಿದ್ದ ಉಪದೇಶಿ ಇನ್ನಾಸಪ್ಪ ಕೊಟ್ಟೂರಿನ ಚರ್ಚಿನ ಹಿಂದಿನ ಬಾವಿಯಲ್ಲಿ ಹೆಣವಾಗಿ ಸಿಕ್ಕಿ ಕೆಲವು ವಾರಗಳಾಗಿದ್ದವು. ಬಾವಿಕಟ್ಟೆಯ ಮೇಲೆ ಜೋಡಿಸಿಟ್ಟಿದ್ದ ಈ ಚಪ್ಪಲಿಗಳನ್ನು ನೋಡಿ ಊರೆಲ್ಲ 'ಹಾರಿಕೊಂಡ' ಅಂದಿತ್ತು. ಪೊಲೀಸರೂ ಹಾಗೇ ಬರೆದುಕೊಂಡು, ಚಪ್ಪಲಿಗಳನ್ನು ಅವನ ಹೆಂಡತಿ ಕೆಂಚಕ್ಕನ ಕೈಗೆ ಕೊಟ್ಟು ಹೋಗಿದ್ದರು.

ಅಂಗಾಲಿಗೆ ಹಸಿ ಬಣ್ಣ ಮೆತ್ತಿಕೊಂಡವನು ಈ ಚಪ್ಪಲಿ ಮೆಟ್ಟಿ ಬಾವಿಯ ತನಕ ನಡೆದಿದ್ದರೆ ಅದರೊಳಗೆ ಬಣ್ಣ ಇರಬೇಕಿತ್ತು. ಬರಿಗಾಲಲ್ಲಿ ನಡೆದಿದ್ದರೆ ಅಂಗಾಲಿಗೆ ಮಣ್ಣು ಅಂಟಿ, ಆ ಬಣ್ಣ ಅಷ್ಟು ಚೊಕ್ಕವಾಗಿ ಉಳಿಯುತ್ತಿರಲಿಲ್ಲ.

ಅಂದರೆ ಇನ್ನಾಸಪ್ಪ ಬಾವಿಗೆ ನಡೆದು ಹೋಗಿರಲಿಲ್ಲ.

"ಮಣ್ಣು ಮಾಡೋ ದಿನಾನಾ ಇದನ್ನ ನನಗ ಹೇಳಿದ್ರ..." ಅಂತ ಶುರು ಮಾಡಿದ ಚೌರಪ್ಪ, ಮಾತು ಅರ್ಧಕ್ಕೆ ನಿಲ್ಲಿಸಿದ.

ಒಲೆಯ ಮುಂದೆ ಗಂಜಿ ಕಲಕುತ್ತಿದ್ದ ಲೂರ್ದಮ್ಮ ತಿರುಗಿ ನೋಡಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಬಹಳ ವರ್ಷ ನರ್ಸಾಗಿ ನಿವೃತ್ತಳಾದವಳು, ಊರಿಗೆಲ್ಲ ನರ್ಸಮ್ಮ. ಇನ್ನಾಸಪ್ಪ ಸತ್ತಂದಿನಿಂದ ದಿನಾ ಬಂದು ಕೆಂಚಕ್ಕನಿಗೆ ಉಣ್ಣಿಸಿ, ತಲೆ ಬಾಚಿ, ಮಗ್ಗುಲಲ್ಲಿ ಮಲಗಿ ಹೋಗುತ್ತಿದ್ದಳು. ಚೌರಪ್ಪನ ಹಾಗೆ ಅವಳೂ ಚರ್ಚಿನ ಪಾಲನಾ ಸಮಿತಿಯ ಸದಸ್ಯೆ.

"ನರ್ಸಮ್ಮ, ನಾ ಚರ್ಚಿಗೆ ಹೋಗಿ ಬರ್ತೀನಿ. ಕೆಂಚಕ್ಕನ್ನ ಒಬ್ಬಾಕಿನ್ನ ಬಿಡಬ್ಯಾಡ್ರಿ."

"ಬಿಡಂಗಿಲ್ಲಪ್ಪ," ಅಂದಳು ಲೂರ್ದಮ್ಮ. ಸೌಟು ಪಾತ್ರೆಯೊಳಗೇ ನಿಂತಿತ್ತು.

*

ಕೆಂಚಕ್ಕನ ಮನೆಯಿದ್ದ ರೈಲು ಸ್ಟೇಷನ್ ಹಿಂದಿನ ಕೇರಿಯಿಂದ ಚರ್ಚಿಗೆ ಹೋಗುವ ದಾರಿ ರೈಲು ಬಾರದ ಹಳಿಯ ಪಕ್ಕದಲ್ಲೇ ಸಾಗುತ್ತದೆ. ಚೌರಪ್ಪ ಟಿ.ವಿ.ಎಸ್. ಗಾಡಿಯನ್ನು ನಿಧಾನಕ್ಕೆ ಬಿಟ್ಟ. ನಿವೃತ್ತಿಗೆ ಮುಂಚೆ ಹೆಡ್ ಕಾನ್‌ಸ್ಟೇಬಲ್ ಆಗಿ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಠಾಣೆಗಳಲ್ಲಿ ಎಷ್ಟೋ ಬಾವಿಗಳಿಂದ ಹೆಣ ಎತ್ತಿಸಿದ್ದವನು ಅವನು. ಆ ಅನುಭವವನ್ನೇ ನೆಚ್ಚಿ ಅಂದು ಸಭೆಯಲ್ಲಿ ಮಾತಾಡಿದ್ದ.

ಇನ್ನಾಸಪ್ಪನ ಹೆಣ ಪೋಸ್ಟ್‌ಮಾರ್ಟಮ್ ಮುಗಿಸಿ ಬಂದ ಮಧ್ಯಾಹ್ನ ಫಾದರ್ ಜ್ಞಾನಪ್ರಕಾಶ್ ಪಾಲನಾ ಸಮಿತಿಯನ್ನು ತುರ್ತಾಗಿ ಕರೆದಿದ್ದರು. ಹಬ್ಬದ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು, ರೋಗಿಗಳನ್ನು ಯಾರು ನೋಡಿ ಬರಬೇಕು, ಹಳ್ಳಿಯ ಮಕ್ಕಳಿಗೆ ಉಪದೇಶ ಎಲ್ಲಿ ನಡೆಯಬೇಕು, ಇಂಥವನ್ನು ಮಾತಾಡುವ ಸಮಿತಿ ಅದು. ಅಂದು ಅದರ ಮುಂದೆ ಒಂದು ಹೆಣದ ಪ್ರಶ್ನೆ ಬಂತು.

"ನೀವು ಸಲಹೆ ಕೊಡುವವರು, ಕೊನೆಯ ತೀರ್ಮಾನ ಗುರುವಿನದು. ಇದು ನಿಮಗೆ ಗೊತ್ತು," ಅಂದಿದ್ದರು ಫಾದರ್. ಮೈಸೂರಿನ ಕಡೆಯವರು, ಮೆತ್ತಗಿನ ಮಾತು. "ತಾವೇ ಪ್ರಾಣ ಕಳೆದುಕೊಂಡವರಿಗೆ ಸಮಾಧಿಭೂಮಿಯಲ್ಲಿ ಜಾಗ ಇಲ್ಲ ಅನ್ನುವ ಹಳೆಯ ಕಟ್ಟಳೆ ಈಗ ಧರ್ಮಸಭೆಯಲ್ಲಿ ಇಲ್ಲ. ಆದರೂ ಇನ್ನಾಸಪ್ಪನವರ ವಿಷಯದಲ್ಲಿ ನೀವು ಏನು ಹೇಳುತ್ತೀರೋ ಅದನ್ನೇ ಮಾಡುತ್ತೇನೆ. ಯಾರಿಗಾದರೂ ಏನಾದರೂ ಗೊತ್ತಿದ್ದರೆ, ದಯವಿಟ್ಟು ಈಗ ಹೇಳಿ."

ಸಮಿತಿಯ ಕಾರ್ಯದರ್ಶಿ ರಾಯಪ್ಪ ಮೊದಲು ಬಾಯಿ ತೆಗೆದ. ಊರಲ್ಲಿ ಮನೆ, ಮಳಿಗೆ ಕಟ್ಟಿಸುವ ಕಂಟ್ರಾಕ್ಟರು. ಲೂರ್ದಮ್ಮನ ಬೆನ್ನಿಗೆ ಬಿದ್ದ ತಮ್ಮ. ಹಾರಿಕೊಂಡವನಿಗೆ ಗಂಟೆ ಬಾರಿಸಿ ಮಣ್ಣು ಮಾಡಿದರೆ ನಾಳೆ ಮಕ್ಕಳಿಗೆ ಏನು ಕಲಿಸೋದು ಅಂತ ಕೇಳಿದ. ಮಿಕ್ಕವರು ಚೌರಪ್ಪನ ಮುಖ ನೋಡಿದರು.

ಚೌರಪ್ಪ ಎದ್ದು ನಿಂತ. ಪುಪ್ಪುಸದಲ್ಲಿ ನೀರು ಐತಿ ಅಂತ ಡಾಕ್ಟರು ಬರೆದಾರ ಅಂದ. ಅದು ನೀರಿಗೆ ಹಾರಿದವರ ಗುರುತು, ತಲೆಯ ಪೆಟ್ಟು ಬಾವಿಯ ಕಲ್ಲು ತಗಲಿದ್ದು, ಚಪ್ಪಲಿ ಬಿಟ್ಟು ಹಾರೋದು ಇಂಥವರ ವಾಡಿಕೆ ಅಂದ. ಠಾಣೆಯಲ್ಲಿ ಸಾಹೇಬರ ಮುಂದೆ ಒಪ್ಪಿಸುವ ಹಾಗೆ, ಒಂದೂ ಮಾತು ತಡವರಿಸದೆ.

ಫಾದರ್ ಮತ್ತೆ ಕೇಳಿದ್ದರು: "ಬೇರೆ ಯಾರೂ ಏನೂ ಹೇಳುವುದಿಲ್ಲವೇ?" ಲೂರ್ದಮ್ಮ ಸೆರಗಿನ ತುದಿ ನೋಡುತ್ತ ಕೂತಿದ್ದಳು.

ಇನ್ನಾಸಪ್ಪನನ್ನು ಸಮಾಧಿಭೂಮಿಯ ಬೇಲಿಯಾಚೆ, ಕಳ್ಳಿಗಿಡದ ಬುಡದಲ್ಲಿ ಹೂತರು. ಗಂಟೆ ಬಾರಿಸಲಿಲ್ಲ. ಹೆಣವನ್ನು ಚರ್ಚಿನ ಒಳಗೆ ತರಲಿಲ್ಲ. ಫಾದರ್ ಒಬ್ಬರೇ ಬೇಲಿ ದಾಟಿ ಹೋಗಿ ಗುಂಡಿಯ ಮುಂದೆ ಜಪ ಹೇಳಿದರು. ಕೆಂಚಕ್ಕನನ್ನು ಯಾರೂ ಸಭೆಗೆ ಕರೆದಿರಲಿಲ್ಲ. ಕರೆಯಬೇಕು ಅನ್ನುವುದು ಯಾರ ತಲೆಗೂ ಬಂದಿರಲಿಲ್ಲ.

ತನ್ನ ತಲೆಗೂ ಬಂದಿರಲಿಲ್ಲ.

*

ಚರ್ಚಿನೊಳಗೆ ತಂಪಿತ್ತು. ಬಲಿಪೀಠದ ಮೆಟ್ಟಿಲುಗಳ ಮೇಲೆ ಹಾಸಿದ್ದ ಚಾಪೆಯನ್ನು ಚೌರಪ್ಪ ಸುತ್ತಿ ಬದಿಗಿಟ್ಟ. ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಹಚ್ಚಿಸಿದ್ದ ಕೆಂಪು ಬಣ್ಣ ಇನ್ನೂ ಹೊಳೆಯುತ್ತಿತ್ತು.

ಮಂಡಿಯೂರಿ ಮೆಟ್ಟಿಲ ಅಂಚಿನ ಮೇಲೆ ಬೆರಳು ಎಳೆದ. ಎಲ್ಲ ಕಡೆ ನುಣುಪು. ಒಂದೇ ಕಡೆ ಬೆರಳು ತಡೆಯಿತು. ಅಲ್ಲಿ ಬಣ್ಣ ದಪ್ಪಗಿತ್ತು. ಜೇಬಿನ ಚಾಕುವಿನಿಂದ ಕೆರೆದ. ಕೆಂಪಿನ ಅಡಿಯಲ್ಲಿ ಹೊಸ ಸಿಮೆಂಟು ಬೂದಿಯ ಬಣ್ಣದಲ್ಲಿ ಕಾಣಿಸಿತು. ಮುಕ್ಕಾದ ಅಂಚಿಗೆ ಅವಸರದಲ್ಲಿ ಸಿಮೆಂಟು ಮೆತ್ತಿ, ಮೇಲೆ ಇನ್ನೊಂದು ಸಲ ಬಣ್ಣ ಬಳಿದಿದ್ದರು. ಸಿಮೆಂಟಿನ ಅಂಚಿಗೆ ಒಂದೆರಡು ನರೆಗೂದಲು ಸಿಕ್ಕಿಕೊಂಡಿದ್ದವು.

ಚೌರಪ್ಪನ ಕೈ ಅಲ್ಲೇ ನಿಂತಿತು.

"ಏನು ನೋಡುತ್ತಿದ್ದೀರಿ ಚೌರಪ್ಪ?"

ಫಾದರ್ ಪಕ್ಕದ ಬಾಗಿಲಲ್ಲಿ ನಿಂತಿದ್ದರು.

"ಈ ಮೆಟ್ಟಿಲು ರಿಪೇರಿ ಮಾಡಿಸಿದ್ದು ಯಾರ್ರಿ ಫಾದರ್?"

"ಬಣ್ಣದ ಕೆಲಸವನ್ನೆಲ್ಲ ರಾಯಪ್ಪನವರು ನೋಡಿಕೊಂಡರು."

"ಇನ್ನಾಸಪ್ಪ ಹಾರಿಕೊಂಡಿಲ್ಲ ಫಾದರ್. ಇಲ್ಲಿ ಬಿದ್ದು ಪೆಟ್ಟು ಮಾಡ್ಕಂಡಾನ. ಇಲ್ಲಿಂದ ಅವನ್ನ ಹೊತ್ತು ಒಯ್ದಾರ."

ಫಾದರ್ ಬೆಚ್ಚಲಿಲ್ಲ. ಯಾರು ಅಂತ ಕೇಳಲಿಲ್ಲ. ಹೇಗೆ ಗೊತ್ತಾಯಿತು ಅಂತಲೂ ಕೇಳಲಿಲ್ಲ. ಸುದ್ದಿ ಕೇಳಿ ಪ್ರಶ್ನೆ ಕೇಳದವನಿಗೆ ಸುದ್ದಿ ಮೊದಲೇ ಗೊತ್ತಿರುತ್ತದೆ, ಇದು ಠಾಣೆಯ ಬೆಂಚು ಚೌರಪ್ಪನಿಗೆ ಕಲಿಸಿದ ಪಾಠ.

"ನಿಮಗ ಗೊತ್ತಿತ್ತೇನ್ರಿ?"

"ನನ್ನನ್ನು ಏನೂ ಕೇಳಬೇಡಿ ಚೌರಪ್ಪ." ಫಾದರ್ ಅಲ್ಲೇ ಮೊದಲ ಬೆಂಚಿನ ಮುಂದೆ ಮಂಡಿಯೂರಿದರು. ಅವರ ಬೆನ್ನು ಈ ಕೆಲವೇ ವಾರಗಳಲ್ಲಿ ಬಾಗಿಹೋದ ಹಾಗೆ ಕಂಡಿತು.

ಆಗ ಚೌರಪ್ಪನಿಗೆ ಎಲ್ಲ ಒಟ್ಟಿಗೆ ಹೊಳೆಯಿತು. ಪಾಪನಿವೇದನೆಯಲ್ಲಿ ಕಿವಿಗೆ ಬಿದ್ದದ್ದನ್ನು ಗುರು ಯಾರಿಗೂ ಹೇಳುವಂತಿಲ್ಲ. ಸುಳಿವು ಕೊಡುವಂತಿಲ್ಲ. ತಿಳಿದದ್ದನ್ನು ಇಟ್ಟುಕೊಂಡು ಹೆಜ್ಜೆ ಇಡುವಂತೆಯೂ ಇಲ್ಲ. ಹೆಣ ಸಿಕ್ಕ ಬೆಳಿಗ್ಗೆಯೇ ಯಾರೋ ಅವರ ಮುಂದೆ ಬಾಯಿಬಿಟ್ಟಿರಬೇಕು. ಅದಕ್ಕೇ ತಾವು ತೀರ್ಮಾನಿಸದೆ ಸಮಿತಿಯನ್ನು ಕರೆದಿದ್ದರು. ತಾವು ಮಾಡಲಾಗದ್ದನ್ನು ಸಮಿತಿ ಮಾಡಲಿ, ಒಬ್ಬರಾದರೂ 'ತಡೀರಿ, ವಿಚಾರಿಸೋಣ' ಅನ್ನಲಿ ಅಂತ ಎರಡೆರಡು ಸಲ ಕೇಳಿದ್ದರು.

ಎದ್ದು ನಿಂತು ಆ ಬಾಗಿಲು ಮುಚ್ಚಿದವನು ತಾನು.

*

ಬಸ್ ಸ್ಟ್ಯಾಂಡಿನ ಹಿಂದೆ ರಾಯಪ್ಪ ಹೊಸ ಮಳಿಗೆ ಕಟ್ಟಿಸುತ್ತಿದ್ದ. ಚೌರಪ್ಪ ಬಂದದ್ದು ಕಂಡು, "ಬಾ ದಫೇದಾರ, ಮಿರ್ಚಿ ಮಂಡಕ್ಕಿ ತರಸ್ತೀನಿ," ಅಂದ.

"ಕೆಲಸದವರನ್ನ ಚಾಕ್ಕ ಕಳಿಸು."

ರಾಯಪ್ಪ ಅವನ ಮುಖ ನೋಡಿದ. ಕೆಲಸದವರಿಗೆ ಕೈಸನ್ನೆ ಮಾಡಿದ. ಬಾಗಿಲು ಕೂರಿಸದ ಕೋಣೆಯಲ್ಲಿ ಇಬ್ಬರೇ ಉಳಿದರು.

"ಮೆಟ್ಟಿಲಿಗೆ ಸಿಮೆಂಟು ಮೆತ್ತಿದ್ದು ನೀನಾ ಏನು?"

"ಯಾವ ಮೆಟ್ಟಿಲು?"

"ರಾಯಪ್ಪ, ಸಿಮೆಂಟಿನಾಗ ಇನ್ನಾಸಪ್ಪನ ಕೂದಲು ಅದಾವ."

ರಾಯಪ್ಪ ಮರಳಿನ ಗುಡ್ಡೆಯ ಮೇಲೆ ಕುಸಿದು ಕೂತ. ರಸ್ತೆಯಲ್ಲಿ ಕಾನಹೊಸಹಳ್ಳಿಯ ಬಸ್ಸಿನ ಕಂಡಕ್ಟರು ಜನರನ್ನು ಕೂಗುತ್ತಿದ್ದ.

"ನೂಕಿದ್ದು ನಾನಾ," ಅಂದ ಕೊನೆಗೆ. "ಸಾಯ್ಲಿ ಅಂತ ನೂಕಲಿಲ್ಲಪ. ಆಣಿ ಮಾಡಿ ಹೇಳ್ತೀನಿ."

"ಯಾಕ ನೂಕಿದಿ?"

"ಸಮಿತಿ ವಿಚಾರಕ್ಕ. ಪೇಂಟಿನವರು ಹೋದ ಮ್ಯಾಲೆ ಕೆಲಸ ನೋಡಾಕ ಹೋಗಿದ್ದೆ. ಅವ ಬಂದ. ಬಿಷಪ್ ಸ್ವಾಮೇರು ಬಂದಾಗ ಎದ್ದು ನಿಂತು ಹೇಳ್ತೀನಿ ಅಂದ. ಸ್ಟೇಷನ್ ಹಿಂದಿನ ಕೇರಿಯವರು ಚರ್ಚಿನಾಗ ಅರ್ಧಕ್ಕಿಂತ ಹೆಚ್ಚು ಅದಾರ, ಸಮಿತಿಯಾಗ ಒಬ್ಬರಿಲ್ಲ. ನಾಕೈದು ಮನಿಯವರು ಸೇರಿ ದೇವರ ಮನಿನ ನಿಮ್ಮ ಮನಿ ಮಾಡ್ಕಂಡೀರಿ ಅಂದ. ನನಗ ಸಿಟ್ಟು ಬಂತು. ಎದಿಗೆ ಕೈ ಹಾಕಿ ನೂಕಿದೆ. ಹಸಿ ಬಣ್ಣದ ಮ್ಯಾಲೆ ಕಾಲಿಟ್ಟಿದ್ದ, ಜಾರಿದ."

"ಆಮ್ಯಾಲೆ?"

"ಏಳಲಿಲ್ಲ. ಸತ್ತು ಹೋಗಿದ್ದ. ಏನ್ ಮಾಡ್ಲಿ? ಎರಡು ಹೆಣ್ಣುಮಕ್ಕಳು ನನಗ. ಹಿಂದಿನ ಬಾಗಿಲಿನಿಂದ ಒಯ್ದು ಬಾವಿಗೆ ಹಾಕಿದ್ವಿ. ಚಪ್ಪಲಿ ಚರ್ಚಿನ ಬಾಗಿಲದಾಗ ಇದ್ವು, ತಂದು ಕಟ್ಟಿ ಮ್ಯಾಲೆ ಇಟ್ವಿ." ಅವನ ದನಿ ಒಡೆಯಿತು. "ಸತ್ತವನ್ನ ನೀರಿಗೆ ಹಾಕಿದ್ದು ತಪ್ಪು. ನೂಕಿದ್ದೂ ತಪ್ಪು. ಆದ್ರ ಕೊಲಿ ಅಲ್ಲ ಚೌರಪ್ಪ."

"ಪುಪ್ಪುಸದಾಗ ನೀರಿತ್ತು."

ರಾಯಪ್ಪನಿಗೆ ಅರ್ಥವಾಗಲಿಲ್ಲ.

"ಆವತ್ತು ಸಭಿಯಾಗ ನಾನಾ ಹೇಳಿದ್ದೆನಲ್ಲ. ನೀರು ಒಳಗ ಹೋಗೇತಿ ಅಂದ್ರ ಉಸಿರು ಎಳದಾನ. ನೀವು ಬಾವಿಗೆ ಹಾಕಿದಾಗ ಇನ್ನಾಸಪ್ಪ ಜೀವಂತ ಇದ್ದ."

ರಾಯಪ್ಪ ಎರಡೂ ಕೈಗಳನ್ನು ಮುಖದ ಮುಂದೆ ಹಿಡಿದು, ಅವು ಬೇರೆ ಯಾರವೋ ಎಂಬಂತೆ ನೋಡಿದ. ಆಮೇಲೆ ಮರಳಿಗೆ ತಲೆ ಇಟ್ಟು ದನಿ ತೆಗೆದು ಅತ್ತ.

ಚೌರಪ್ಪ ಅವನ ಹೆಗಲ ಮೇಲೆ ಕೈ ಇಡಲಿಲ್ಲ. ಬೈಯಲೂ ಇಲ್ಲ. ಈ ಮಾತು ತನಗೆ ಮೊದಲ ದಿನವೇ ಗೊತ್ತಿತ್ತು. ಸತ್ಯದ ಒಂದು ತುಂಡನ್ನು ಕೈಯಲ್ಲಿ ಹಿಡಿದು, ಅದರಿಂದಲೇ ಇನ್ನಾಸಪ್ಪನನ್ನು ಬೇಲಿಯಾಚೆ ದಬ್ಬಿದ್ದ.

"ಅಳೋದು ಆಮ್ಯಾಲೆ. ಫಾದರ್ ಹತ್ರ ಪಾಪನಿವೇದನಿ ಮಾಡಿದಾಗ ಏನಂದ್ರು ಅವರು?"

ರಾಯಪ್ಪ ತಲೆ ಎತ್ತಿದ. "ನಾ ಎಲ್ಲಿ ಮಾಡೀನಿ?"

"ಸುಳ್ಳು ಹೇಳಬ್ಯಾಡ. ಹೆಣ ಸಿಕ್ಕ ದಿನ ಮುಂಜಾನಿ—"

"ಮಾಡಿಲ್ಲಪ! ಆವತ್ತಿಂದ ಪರಮಪ್ರಸಾದಾನೂ ತಗಂಡಿಲ್ಲ. ಆ ಪಾಪನಿವೇದನಿ ಪೆಟ್ಟಿಗಿ ಮುಂದ ಮಂಡಿ ಊರಾಕ ಧೈರ್ಯ ಆಗಿಲ್ಲ."

ಸುಳ್ಳಿನ ದನಿ ಹೇಗಿರುತ್ತದೆ ಎಂದು ಚೌರಪ್ಪನಿಗೆ ಗೊತ್ತಿತ್ತು. ಇದು ಅದಲ್ಲ.

ಹಾಗಾದರೆ ಫಾದರಿಗೆ ಹೇಳಿದವರು ಬೇರೆ. ಸತ್ತವನನ್ನು ಹೊತ್ತೆ ಅಂದುಕೊಂಡ ರಾಯಪ್ಪ ವಾರಗಟ್ಟಲೆ ತಡೆದುಕೊಂಡು ಕೂತಿದ್ದ. ಬೆಳಗಾಗುವುದನ್ನೇ ಕಾದು ಓಡಿ ಹೋಗಿ ಮಂಡಿಯೂರಿದವರ ಎದೆಯಲ್ಲಿ ಇದಕ್ಕಿಂತ ದೊಡ್ಡ ಭಾರ ಇದ್ದಿರಬೇಕು.

"ಹಾಕಿದ್ವಿ ಅಂದಿ. ಇಟ್ವಿ ಅಂದಿ. ನಿನ್ನ ಜೊತಿಗೆ ಯಾರಿದ್ರು?"

ರಾಯಪ್ಪ ಮುಖ ತಿರುಗಿಸಿದ.

"ಸತ್ತಾನ ಅಂತ ನಿನಗ ಹೇಳಿದವರು ಯಾರು? ನಾಡಿ ಹಿಡಿದು ನೋಡಿದವರು ಯಾರು ರಾಯಪ್ಪ?"

"ಅಕ್ಕಗ ಇದರಾಗ ಏನೂ..." ಅಂದವನು ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದ. ಕಣ್ಣು ಮುಚ್ಚಿಕೊಂಡ. "ಹೂವು ಇಡಾಕ ಬಂದಿದ್ಲು. ಅಕಿನಾ ಕುತಿಗಿಗೆ ಬೆರಳು ಇಟ್ಟು ನೋಡಿದ್ಲು. ಹೋಗ್ಯಾನ, ಕಾಲು ಹಿಡಕಂತೀನಿ, ಎತ್ತು ಅಂದ್ಲು."

ಜೀವಮಾನವೆಲ್ಲ ನಾಡಿ ಹಿಡಿದ ಕೈ. ಅದು ತಪ್ಪಿತೋ, ತಮ್ಮನನ್ನು ಉಳಿಸಲು ತಪ್ಪು ಹೇಳಿತೋ?

ಕೆಂಚಕ್ಕನನ್ನು ಒಬ್ಬಳನ್ನೇ ಬಿಡಬ್ಯಾಡ್ರಿ ಅಂತ ಅದೇ ಕೈಗೆ ಒಪ್ಪಿಸಿ ಬಂದಿದ್ದ ಚೌರಪ್ಪ, ಗಾಡಿಯ ಕಡೆಗೆ ಓಡಿದ.

*

ಕೇರಿಯಲ್ಲಿ ಹೊತ್ತು ಇಳಿಯುತ್ತಿತ್ತು. ನಲ್ಲಿಯ ಮುಂದೆ ಕೊಡಗಳ ಸಾಲು, ಹೆಂಗಸರ ಮಾತು. ಕೆಂಚಕ್ಕನ ಮನೆಯ ಬಾಗಿಲು ಮಾತ್ರ ಮುಚ್ಚಿತ್ತು. ನೂಕಿದರೆ ತೆರೆಯಲಿಲ್ಲ. ಒಳಗಿನಿಂದ ಚಿಲಕ ಬಿದ್ದಿತ್ತು.

"ಕೆಂಚಕ್ಕ! ಬಾಗಿಲು ತೆಗಿಯವ್ವ. ನಾನು, ಚೌರಪ್ಪ."

"ಗೊತ್ತಾತು." ದನಿ ಬಾಗಿಲ ಹಿಂದೆಯೇ ಇತ್ತು.

ಅವನ ಜೀವ ಮರಳಿ ಬಂತು. "ನರ್ಸಮ್ಮ ಒಳಗದಾಳೇನು?"

"ಅದಾಳ."

"ಅಕಿ ಕೊಟ್ಟಿದ್ದು ಏನೂ ಬಾಯಿಗೆ ಹಾಕಬ್ಯಾಡ. ನೀ ಮೊದಲು ಹೊರಗ ಬಾ. ಆಮ್ಯಾಲೆ ಎಲ್ಲಾ ಹೇಳ್ತೀನಿ."

"ಹೇಳೋದು ಏನೂ ಉಳಿದಿಲ್ಲ ದಫೇದಾರಣ್ಣ. ನೀ ಅತ್ತಾಗ ಹೋದಿ, ಇಕಿ ಕುಂತು ಎಲ್ಲಾ ಹೇಳಿದ್ಲು." ಕೆಂಚಕ್ಕನ ಮಾತಿನಲ್ಲಿ ಅಳುವಿರಲಿಲ್ಲ. "ನಾಡಿ ಬಡೀತಿತ್ತಂತ. ಬಾವಿಕಟ್ಟಿ ಮ್ಯಾಲೆ ನನ್ನ ಗಂಡ ಕಾಲು ಅಲುಗಿಸಿದನಂತ. ಇಕಿ ಕೈಯಾಗ ಇದ್ದ ಕಾಲು."

ಚೌರಪ್ಪ ಹಣೆಯನ್ನು ಬಾಗಿಲಿಗೆ ಒತ್ತಿದ.

ಒಳಗಿನಿಂದ ಇನ್ನೊಂದು ದನಿ ಬಂತು, ದಣಿದದ್ದು: "ಚೌರಪ್ಪ, ನೀ ಹೋಗಪ್ಪ. ಚಿಲಕ ಹಾಕು ಅಂದಾಕಿ ನಾನಾ. ನನ್ನ ತೀರ್ಮಾನ ಕೆಂಚಕ್ಕಗ ಬಿಟ್ಟೀನಿ."

"ನರ್ಸಮ್ಮ, ಬಾಗಿಲು ತೆಗಿರಿ. ಠಾಣಿಗೆ ಹೋಗೋಣು. ರಾಯಪ್ಪ ಒಪ್ಪಿಕೊಂಡಾನ. ನಾಳೆ ಸಮಿತಿ ಕರಿಸಿ ಇನ್ನಾಸಪ್ಪನ್ನ ಬೇಲಿ ಒಳಗ ತರೋಣು. ಗಂಟಿ ಬಾರಿಸೋಣು. ನಾನಾ ಎದ್ದು ನಿಂತು ತಪ್ಪಾತು ಅಂತೀನಿ."

"ನಿಮ್ಮ ಸಮಿತಿ ಒಂದ್ಸಲ ತೀರ್ಮಾನ ಮಾಡೇತಿ," ಅಂದಳು ಕೆಂಚಕ್ಕ. "ಆವತ್ತು ನನ್ನ ಒಳಗ ಕರೀಲಿಲ್ಲ. ಇವತ್ತು ನೀ ಹೊರಗ ಇರು."

ಬಾಗಿಲು ಒದ್ದು ಒಡೆಯುವುದು ಚೌರಪ್ಪನಿಗೆ ಗೊತ್ತಿದ್ದ ಕೆಲಸ. ಹಳೆಯ ಬಾಗಿಲು, ಒಂದೇ ಪೆಟ್ಟು ಸಾಕು. ಕಾಲು ಏಳಲಿಲ್ಲ. ಯಾವ ಮುಖ ಇಟ್ಟುಕೊಂಡು ಒಡೆಯಲಿ ಅನ್ನಿಸಿತು.

ಆ ಒಂದು ಗಳಿಗೆ ಅವನು ತಡೆದು ನಿಂತ.

ಒಳಗೆ, ಲೂರ್ದಮ್ಮನ ದನಿ ಬಂದಿದ್ದ ಕಡೆ, ಒಂದು ಮೈ ದೊಪ್ಪನೆ ನೆಲಕ್ಕೆ ಬಿತ್ತು. ನಲ್ಲಿಯ ಮುಂದಿನ ಮಾತೆಲ್ಲ ಒಮ್ಮೆಗೇ ನಿಂತಿತು. ಚೌರಪ್ಪ ಇಬ್ಬರ ಹೆಸರನ್ನೂ ಕೂಗಿದ. ಇಬ್ಬರಲ್ಲಿ ಒಬ್ಬರೂ ಓಗೊಡಲಿಲ್ಲ.